ದನಿ ನಮ್ಮದು, ಯಂತ್ರ ಯಾರದು?

ಹಾಡು ದುಡಿಯುವವರ ಬಾಯಲ್ಲಿ ಹುಟ್ಟಿದ್ದು ಅನ್ನುವುದನ್ನು ಈಗ ಎಲ್ಲರೂ ಒಪ್ಪುತ್ತಾರೆ. ನಾಟಿ ಗದ್ದೆಯಲ್ಲಿ, ಬೀಸುವ ಕಲ್ಲಿನ ಮುಂದೆ, ಹೆಣದ ಮುಂದಿನ ತಮಟೆಯಲ್ಲಿ, ರಾತ್ರಿಯಿಡೀ ನಡೆಯುವ ಕಥೆಯಲ್ಲಿ ಅದು ಹುಟ್ಟಿತು. ಅದಕ್ಕೆ ಜಾನಪದ ಅಂತ ಹೆಸರಿಟ್ಟು ವಿಶ್ವವಿದ್ಯಾಲಯದವರೂ ಹೊಗಳುತ್ತಾರೆ, ಮಂತ್ರಿಗಳೂ ಹೊಗಳುತ್ತಾರೆ. ಹೊಗಳಿಕೆಗೇನೂ ಬರವಿಲ್ಲ. ಆದರೆ ಆ ಹಾಡನ್ನು ಹಿಡಿದಿಡುವ ಯಂತ್ರ ಇದೆಯಲ್ಲ, ಅದು ಹುಟ್ಟಿ ಸುಮಾರು ನೂರು ವರ್ಷ ಕಳೆಯುವ ತನಕ ಹಾಡಿದವರ ಕೈಗೆ ಸಿಗಲಿಲ್ಲ.

ಅಕ್ಷರವನ್ನು ಯಾಕೆ ಬಚ್ಚಿಟ್ಟಿರಿ ಅಂತ ನಮ್ಮವರು ಕೇಳಿದ್ದಾರೆ. ಕೆರೆಯ ನೀರನ್ನು ಯಾಕೆ ಮುಟ್ಟಗೊಡಲಿಲ್ಲ ಅಂತ ಕೇಳಿದ್ದಾರೆ. ದನಿಯ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ಬಾಕಿ ಇದೆ. ಗ್ರಾಮಫೋನು ಬಂತು, ಟೇಪು ಬಂತು, ಸೀಡಿ ಬಂತು, ಮೊಬೈಲು ಬಂತು ಅಂತ ಪಟ್ಟಿ ಮಾಡಿ ಶಾಲೆಯಲ್ಲಿ ವಿಜ್ಞಾನದ ಮುನ್ನಡೆ ಅಂತ ಪಾಠ ಹೇಳುತ್ತಾರೆ. ಪಟ್ಟಿ ಸುಳ್ಳಲ್ಲ. ಆದರೆ ಅದರೊಳಗೆ ಎರಡು ಬೇರೆ ಬೇರೆ ಹಕ್ಕುಗಳು ಬೆರೆತುಹೋಗಿವೆ. ಒಂದು, ಕೇಳುವ ಹಕ್ಕು. ಇನ್ನೊಂದು, ದನಿ ಹಿಡಿಯುವ ಹಕ್ಕು. ಮೊದಲನೆಯದನ್ನು ಮಾರುಕಟ್ಟೆ ತಾನೇ ಮನೆಬಾಗಿಲಿಗೆ ಹೊತ್ತು ತಂದು ಮಾರುತ್ತದೆ. ಎರಡನೆಯದನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಇವೆರಡನ್ನೂ ಬೇರೆ ಮಾಡಿ ನೋಡಿದರೆ ಈ ಚರಿತ್ರೆ ಬೇರೆಯೇ ಥರ ಕಾಣುತ್ತದೆ.

ಅರಗು ಕೊಟ್ಟವರು

1877ರಲ್ಲಿ ಅಮೆರಿಕದ ಥಾಮಸ್ ಎಡಿಸನ್ ಮಾಡಿದ ಫೋನೋಗ್ರಾಫಿನಲ್ಲಿ ಒಂದು ವಿಶೇಷ ಇತ್ತು. ತೆಳು ತಗಡು ಸುತ್ತಿದ ಉರುಳೆಯ ಮುಂದೆ ಮಾತಾಡಿದರೆ ಸೂಜಿ ಅದರ ಮೇಲೆ ಗೀರು ಎಳೆಯುತ್ತಿತ್ತು. ಆಮೇಲೆ ಅದೇ ಯಂತ್ರ ಆ ಮಾತನ್ನು ತಿರುಗಿ ನುಡಿಯುತ್ತಿತ್ತು. ಕೇಳುವುದೂ ಹಿಡಿಯುವುದೂ ಒಂದೇ ಯಂತ್ರದಲ್ಲಿ. ಮುಂದೆ ಮೇಣದ ಉರುಳೆ ಬಂದಾಗಲೂ ಹಾಗೇ ಇತ್ತು. 1887ರಲ್ಲಿ ಎಮಿಲ್ ಬರ್ಲಿನರ್ ಎಂಬಾತ ಗ್ರಾಮಫೋನಿಗೆ ಪೇಟೆಂಟು ಪಡೆದ. ಉರುಳೆಯ ಬದಲು ಚಪ್ಪಟೆ ತಟ್ಟೆ ಬಂತು. ಒಂದು ಅಚ್ಚಿನಿಂದ ಸಾವಿರಾರು ತಟ್ಟೆ ಒತ್ತಬಹುದು. ವ್ಯಾಪಾರಕ್ಕೆ ಇದೇ ಸರಿ. ಆದರೆ ಕೊಂಡವನ ಮನೆಯ ಗ್ರಾಮಫೋನು ನುಡಿಸಬಲ್ಲದು, ಹಿಡಿಯಲಾರದು. ಕಾಲಕ್ರಮದಲ್ಲಿ ತಟ್ಟೆ ಗೆದ್ದಿತು, ಉರುಳೆ ಸೋತಿತು. ದನಿ ಹಿಡಿಯುವವನು ಒಬ್ಬ, ಕೇಳುವವರು ಲಕ್ಷ ಮಂದಿ ಅನ್ನುವ ವ್ಯವಸ್ಥೆ ಶುರುವಾದದ್ದು ಹೀಗೆ.

ಆ ತಟ್ಟೆ, ನಮ್ಮ ಜನರ ಬಾಯಲ್ಲಿ ಪ್ಲೇಟು, ಯಾತರದು? ಅರಗಿನದು. ಅರಗು, ಕಲ್ಲಿನ ಪುಡಿ, ಹತ್ತಿಯ ನಾರು, ಕಪ್ಪು ಮಸಿ, ಇವನ್ನು ಕಲಸಿ ಕಾಯಿಸಿ ಒತ್ತಿದ್ದು. 1890ರ ದಶಕದಿಂದ ಮುಂದಿನ ಐವತ್ತು ವರ್ಷ ಲೋಕದ ಸಂಗೀತವೆಲ್ಲ ಅರಗಿನ ಮೇಲೆ ಕೂತಿತ್ತು. ಆ ಅರಗು ಹೆಚ್ಚಾಗಿ ಹೋಗುತ್ತಿದ್ದದ್ದು ನಮ್ಮ ದೇಶದಿಂದ. ಛೋಟಾ ನಾಗಪುರದ ಕಾಡುಗಳಲ್ಲಿ ಮುತ್ತುಗ, ಎಲಚಿ, ಕುಸುಮದ ಮರಗಳ ರೆಂಬೆಗೆ ಅಂಟಿ ಕೂತ ಪುಟ್ಟ ಹುಳ ಸುರಿಸುವ ಅಂಟು ಅದು. ಅದನ್ನು ಕೆರೆದು ತಂದವರು ಆದಿವಾಸಿಗಳು. ತೊಳೆದು ಒಣಗಿಸಿದ ಅರಗನ್ನು ಉದ್ದನೆಯ ಬಟ್ಟೆಯ ಚೀಲಕ್ಕೆ ತುಂಬಿ, ಇದ್ದಲ ಬೆಂಕಿಯ ಮುಂದೆ ತಿರುಚಿ ಕರಗಿಸುತ್ತಿದ್ದರು. ಹಿಂಡಿ ಬಂದ ಬಿಸಿ ಪಾಕವನ್ನು ಹಾಳೆಯಂತೆ ತೆಳ್ಳಗೆ ಎಳೆಯಬೇಕು. ಕೂಲಿಯವನು ಅದನ್ನು ಎರಡು ಕೈ, ಎರಡು ಕಾಲು, ಸಾಲದ್ದಕ್ಕೆ ಹಲ್ಲಿನಲ್ಲೂ ಕಚ್ಚಿ ಎಳೆಯುತ್ತಿದ್ದ. ಯುರೋಪಿನ ದಿವಾನಖಾನೆಯಲ್ಲಿ ಪಿಟೀಲು ನುಡಿದದ್ದು ಈ ಹಲ್ಲಿನ ಗುರುತಿನ ಮೇಲೆ.

ಅರಗು ಅಂದರೆ ಪುರಾಣ ಕೇಳಿದವರಿಗೆ ಅರಗಿನ ಮನೆ ನೆನಪಾಗುತ್ತದೆ. ಪಾಂಡವರು ಸುರಂಗದಲ್ಲಿ ಪಾರಾದರು ಅಂತ ಹರಿಕಥೆಯಲ್ಲಿ ಹೇಳುತ್ತಾರೆ, ಜನ ಉಸಿರು ಬಿಡುತ್ತಾರೆ. ಆ ರಾತ್ರಿ ಅಲ್ಲಿ ಉಂಡು ಮಲಗಿದ್ದ ಒಬ್ಬ ನಿಷಾದ ಹೆಂಗಸೂ ಅವಳ ಐದು ಮಕ್ಕಳೂ ಸುಟ್ಟು ಕರಕಲಾದರು ಅನ್ನುವುದೂ ಭಾರತದಲ್ಲೇ ಇದೆ. ಅವಳ ಹೆಸರೇನು? ಹೇಳಿಲ್ಲ. ಗ್ರಾಮಫೋನಿನ ಚರಿತ್ರೆಯಲ್ಲೂ ಅಷ್ಟೇ. ಎಡಿಸನ್ ಇದ್ದಾನೆ, ಬರ್ಲಿನರ್ ಇದ್ದಾನೆ. ಅರಗು ಎಳೆದವನಿಗೆ ಹೆಸರಿಲ್ಲ.

ಮೂರು ನಿಮಿಷದ ಪ್ಲೇಟು

1902ರ ನವೆಂಬರಿನಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿಯ ಕಡೆಯಿಂದ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಗೆ ಬಂದು ಹೋಟೆಲಿನ ಕೋಣೆಯಲ್ಲಿ ಯಂತ್ರ ಹೂಡಿದ. ಅದರ ಮುಂದೆ ಬಂದು ಹಾಡಿದವರು ಯಾರು? ದೊಡ್ಡ ಘರಾಣೆಯ ಉಸ್ತಾದರಲ್ಲಿ ಅನೇಕರು ಮೊದಮೊದಲು ಹಿಂಜರಿದರು. ವಿದ್ಯೆ ಬೀದಿಗೆ ಬೀಳುತ್ತದೆ, ಕಂಡಕಂಡವರ ಮನೆಯಲ್ಲಿ ನಮ್ಮ ದನಿ ಕೇಳುತ್ತದೆ ಅನ್ನುವ ಅಂಜಿಕೆ. ಮುಂದೆ ಬಂದವರು ಸಮಾಜ ಕೀಳಾಗಿ ಕಾಣುತ್ತಿದ್ದ ಹೆಂಗಸರು. ಕೋಠಿಗಳ ಗಾಯಕಿಯರು, ನಾಟಕದ ಹುಡುಗಿಯರು. ಅವರಲ್ಲಿ ಗೌಹರ್ ಜಾನ್ ಒಬ್ಬರು. ದಕ್ಷಿಣದಲ್ಲೂ ಇದೇ ಕತೆ. ನಂಜನಗೂಡಿನಲ್ಲಿ ಹುಟ್ಟಿದ ದೇವದಾಸಿ ಕುಲದ ಬೆಂಗಳೂರು ನಾಗರತ್ನಮ್ಮನವರ ದನಿ ಆ ಕಾಲದ ಪ್ಲೇಟುಗಳಲ್ಲಿ ಉಳಿದಿದೆ.

ಗೌಹರ್ ಜಾನ್ ಹಾಡು ಮುಗಿಸಿದ ಮೇಲೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ಮೇಣದ ಅಚ್ಚು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ಪ್ಲೇಟು ತಯಾರಾಗಬೇಕು; ಅಲ್ಲಿನವರಿಗೆ ಚೀಟಿ ಅಂಟಿಸುವಾಗ ಯಾರ ಹಾಡು ಅಂತ ಗೊತ್ತಾಗಬೇಕು. ಕಾರಣ ಇಷ್ಟೇ. ಆದರೆ ನೂರಿಪ್ಪತ್ತು ವರ್ಷದ ನಂತರವೂ ಆ ಹೆಸರು ಕಿವಿಗೆ ಬೀಳುತ್ತದೆ. ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದರು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ದೇಶದ ಮೊದಲ ಪ್ಲೇಟುಗಳ ಗಾಯಕಿ ನಮ್ಮ ಮಣ್ಣಲ್ಲಿ ಮಣ್ಣಾದದ್ದು ಎಷ್ಟು ಮಂದಿಗೆ ಗೊತ್ತು?

ಆ ಪ್ಲೇಟಿನ ಒಂದು ಮಗ್ಗುಲಿಗೆ ಸಿಗುತ್ತಿದ್ದದ್ದು ಸುಮಾರು ಮೂರು ನಿಮಿಷ. ತಂಬೂರಿ ಹಿಡಿದ ನೀಲಗಾರರು ಮಂಟೇಸ್ವಾಮಿ ಕಥೆ ಹಾಡಲು ಕೂತರೆ ಬೆಳಗಾಗುತ್ತದೆ. ಕಂಸಾಳೆಯವರು ಮಾದಪ್ಪನ ಕಥೆ ಎತ್ತಿದರೆ ಒಂದು ರಾತ್ರಿ ಸಾಲದು. ಇವನ್ನು ಮೂರು ನಿಮಿಷದ ಅಳತೆಗೆ ಕತ್ತರಿಸುವುದು ಹೇಗೆ? ಕೀರ್ತನೆಯನ್ನು ಕುಗ್ಗಿಸಬಹುದು, ರಂಗಗೀತೆಯನ್ನು ಕುಗ್ಗಿಸಬಹುದು. ಕುಗ್ಗುವ ಹಾಡುಗಳಿಗೆ ಪ್ಲೇಟು ಸಿಕ್ಕಿತು. ಕುಗ್ಗದವು ಹಟ್ಟಿಯಲ್ಲೇ ಉಳಿದವು.

ತಮಟೆಯ ಕತೆ ಇನ್ನೂ ಒಂದು ಬಗೆ. 1925ರಲ್ಲಿ ಮೈಕು, ವಿದ್ಯುತ್ತು ಬರುವ ತನಕ ಹಾಡುವವರು ದೊಡ್ಡ ಕಹಳೆಯ ಬಾಯಿಗೆ ಮುಖ ಕೊಟ್ಟು ಕೂಗಬೇಕಿತ್ತು. ಆ ಗಾಳಿಯ ನೂಕಿಗೇ ಸೂಜಿ ಮೇಣವನ್ನು ಕೊರೆಯಬೇಕು. ಹತ್ತಿರದಲ್ಲಿ ಚರ್ಮವಾದ್ಯದ ಗಟ್ಟಿ ಪೆಟ್ಟು ಬಿದ್ದರೆ ಸೂಜಿ ನೆಗೆದುಬೀಳುತ್ತಿತ್ತು. ಹಾಗಾಗಿ ಅಂಥ ವಾದ್ಯಗಳನ್ನು ದೂರ ಕೂರಿಸುತ್ತಿದ್ದರು. ಇದು ಯಂತ್ರದ ಮಿತಿ, ಒಪ್ಪೋಣ. ಆದರೆ ಮೈಕು ಬಂದ ಮೇಲೂ ಕಂಪನಿಯ ಕಾರು ಸಭೆಯ ವಿದ್ವಾಂಸರ ಮನೆಗೆ, ನಾಟಕ ಕಂಪನಿಯ ಬಿಡಾರಕ್ಕೆ, ಆಮೇಲೆ ಸಿನಿಮಾದ ಸ್ಟುಡಿಯೋಗೆ ಹೋಯಿತೇ ಹೊರತು ಕೇರಿಯ ಕಡೆಗೆ ತಿರುಗಿದ್ದು ಅಪರೂಪ. ದೂರ ಕೂರಿಸುವ ಅಭ್ಯಾಸ ಸೂಜಿಯಿಂದ ಶುರುವಾದದ್ದಲ್ಲ, ಸೂಜಿಗೆ ಮುಗಿಯಲೂ ಇಲ್ಲ.

1908ರಲ್ಲಿ ಕಲಕತ್ತೆಯಲ್ಲೇ ಪ್ಲೇಟಿನ ಕಾರ್ಖಾನೆ ಶುರುವಾಯಿತು. ಅರಗು ಹಡಗು ಹತ್ತಿ ಹೋಗಿ ಹಾಡಾಗಿ ವಾಪಸು ಬರುವ ಅಲೆದಾಟ ಕಡಿಮೆಯಾಯಿತು. ಆದರೆ ಯಜಮಾನ ಬದಲಾಗಲಿಲ್ಲ. ಸ್ವಾತಂತ್ರ್ಯ ಬಂದು ದಶಕಗಳು ಕಳೆದರೂ ದೇಶದ ಸಂಗೀತ ವ್ಯಾಪಾರದಲ್ಲಿ ಬಹುಪಾಲು ಎಚ್‌ಎಂವಿ ಮುದ್ರೆಯದೇ. ನಮ್ಮ ಜನ ಅದನ್ನು ನಾಯಿ ಮಾರ್ಕಿನ ಪ್ಲೇಟು ಅಂತಿದ್ದರು. ಆ ಮೂರು ಇಂಗ್ಲಿಷ್ ಅಕ್ಷರಗಳ ಅರ್ಥ ‘ತನ್ನ ಯಜಮಾನನ ದನಿ’ ಅಂತ. ಕಹಳೆಯ ಮುಂದೆ ಕತ್ತು ಓರೆ ಮಾಡಿ ಕೂತ ನಾಯಿ ಒಡೆಯನ ದನಿ ಕೇಳುತ್ತಿದೆ. ಕೇಳುವವನ ಸ್ಥಾನ ಎಲ್ಲಿ ಅಂತ ಕಂಪನಿಯವರು ಚಿತ್ರ ಬರೆದೇ ತೋರಿಸಿದ್ದರು. ನಾವು ನೋಡಿ ಮುದ್ದಾಗಿದೆ ಅಂದುಕೊಂಡೆವು.

1948ರಲ್ಲಿ ಅಮೆರಿಕದಲ್ಲಿ ಅರಗಿನ ಬದಲು ಪ್ಲಾಸ್ಟಿಕ್ಕಿನ ಲಾಂಗ್ ಪ್ಲೇ ಬಂತು. ನಿಮಿಷಕ್ಕೆ 78 ಸುತ್ತಿನ ಬದಲು ಮೂವತ್ತಮೂರು ಚಿಲ್ಲರೆ ಸುತ್ತು. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು. ರಾಗ ವಿಸ್ತರಿಸುವವರಿಗೆ ಒಳ್ಳೆಯದಾಯಿತು. ಆದರೆ ನುಡಿಸುವ ಪೆಟ್ಟಿಗೆಗೆ ಕರೆಂಟು ಬೇಕು, ಪ್ಲೇಟಿನ ಬೆಲೆ ಕೂಲಿಯವನ ಎಷ್ಟೋ ದಿನದ ಗಂಜಿ. ಹಳ್ಳಿಯ ಬಡವ ಪ್ಲೇಟಿನ ಹಾಡು ಕೇಳಿದ್ದು ಟೆಂಟು ಸಿನಿಮಾದ ಲೌಡ್‌ಸ್ಪೀಕರಿನಲ್ಲಿ, ಮದುವೆ ಚಪ್ಪರದ ಮೈಕ್‌ಸೆಟ್ಟಿನಲ್ಲಿ. ಅಲ್ಲೂ ದೂರದಲ್ಲಿ ನಿಂತು.

ಕಾನೂನು ಕೂಡ ಯಂತ್ರದ ಕಡೆಗೇ ಇತ್ತು. 1957ರ ಕೃತಿಸ್ವಾಮ್ಯ ಕಾಯಿದೆ ಧ್ವನಿಮುದ್ರಣದ ಹಕ್ಕನ್ನು ಅದನ್ನು ಮಾಡಿಸಿದ ನಿರ್ಮಾಪಕನಿಗೆ ಕೊಟ್ಟಿತು. ಹಾಡಿದವರಿಗೆ, ನುಡಿಸಿದವರಿಗೆ ಅಂತ ಒಂದು ಹಕ್ಕು ಕಾಯಿದೆಯಲ್ಲಿ ಕಾಣಿಸಿಕೊಂಡದ್ದು 1994ರ ತಿದ್ದುಪಡಿಯಲ್ಲಿ. ನಡುವೆ ಮೂವತ್ತೇಳು ವರ್ಷ. ಅಷ್ಟರಲ್ಲಿ ಎಷ್ಟು ಮಂದಿ ಹಾಡುಗಾರರು ಒಂದು ಊಟ, ಬಸ್ ಚಾರ್ಜಿಗೆ ಹಾಡಿಕೊಟ್ಟು ಮನೆಗೆ ಹೋದರೋ!

ಕೆಂಪು ಗುಂಡಿ

1963ರಲ್ಲಿ ಹಾಲೆಂಡಿನ ಫಿಲಿಪ್ಸ್ ಕಂಪನಿ ಬರ್ಲಿನ್ನಿನ ಒಂದು ಪ್ರದರ್ಶನದಲ್ಲಿ ಅಂಗೈ ಅಗಲದ ಒಂದು ಡಬ್ಬಿ ಇಟ್ಟಿತು. ಅದನ್ನು ರೂಪಿಸಿದ ತಂಡದ ಮುಖ್ಯಸ್ಥ ಲೂ ಓಟೆನ್ಸ್. ಒಳಗೆ ನಾಲ್ಕು ಮಿಲಿಮೀಟರಿಗೂ ಕಡಿಮೆ ಅಗಲದ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಕಬ್ಬಿಣದ ತುಕ್ಕಿನಂಥ ಪುಡಿಯ ಲೇಪ. ಸೆಕೆಂಡಿಗೆ ಐದು ಸೆಂಟಿಮೀಟರಿಗೂ ಕಡಿಮೆ ವೇಗದಲ್ಲಿ ಆ ಪಟ್ಟಿ ಒಂದು ಅಯಸ್ಕಾಂತದ ಮುಂದೆ ಹಾದುಹೋಗುತ್ತದೆ. ದನಿ ಏರಿದಂತೆ ಇಳಿದಂತೆ ಆ ಪುಡಿಯ ಕಾಂತಗುಣ ಬದಲಾಗುತ್ತದೆ. ಅಷ್ಟೇ ಅದರ ಗುಟ್ಟು. ದೊಡ್ಡ ಚಕ್ರದ ಸ್ಪೂಲ್ ಟೇಪುಗಳು ಮೊದಲೇ ಇದ್ದವು, ಆಕಾಶವಾಣಿಯಲ್ಲಿ, ಕೆಲವು ವಿದ್ವಾಂಸರ ಹೆಗಲಲ್ಲಿ. ಅವು ಭಾರ, ಬೆಲೆಯೂ ಭಾರ. ಈ ಡಬ್ಬಿ ಜೇಬಿಗೆ ಹೋಗುತ್ತಿತ್ತು. ಅಳತೆಗೆ ಬದ್ಧರಾಗಿ ಮಾಡುವುದಾದರೆ ಯಾರು ಬೇಕಾದರೂ ಮಾಡಿಕೊಳ್ಳಿ ಅಂತ ಫಿಲಿಪ್ಸ್‌ನವರು ಸ್ವಾಮ್ಯಶುಲ್ಕ ಕೇಳದೆ ಬಿಟ್ಟರು. ದಾನಬುದ್ಧಿಯಿಂದಲ್ಲ, ಪೈಪೋಟಿಯ ಲೆಕ್ಕಾಚಾರದಿಂದ. ಆದರೂ ಅದರ ಫಲ ದೊಡ್ಡದು. ಲೋಕದ ಯಾವ ಮೂಲೆಯ ಡಬ್ಬಿಯೂ ಯಾವ ಮೂಲೆಯ ಪೆಟ್ಟಿಗೆಗೂ ಹೊಂದಿಕೊಂಡಿತು.

ನಮ್ಮ ಕಡೆಗೆ ಇದು ಸಾಮಾನ್ಯರ ವಸ್ತುವಾಗಿ ಬಂದದ್ದು 1970ರ ದಶಕದ ಕೊನೆಗೆ. ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ವಾಪಸು ಬರುವಾಗ ಟೂ-ಇನ್-ಒನ್ ತಂದರು. ಸಂಗೀತ ಬಾರದ ಮೇಸ್ತ್ರಿ, ಡ್ರೈವರು, ಹೋಟೆಲು ಮಾಣಿ ಹೊತ್ತು ತಂದ ಪೆಟ್ಟಿಗೆ ಅದು. ಆರು ಸೆಲ್ಲು ಹಾಕಿದರೆ ಕರೆಂಟು ಇಲ್ಲದ ಹಟ್ಟಿಯಲ್ಲೂ ಹಾಡುತ್ತಿತ್ತು. ಮತ್ತೆ ಅದರಲ್ಲಿ ಸಾಲಾಗಿ ಇದ್ದ ಗುಂಡಿಗಳಲ್ಲಿ ಒಂದಕ್ಕೆ ಕೆಂಪು ಗುರುತು. ರೆಕಾರ್ಡ್ ಗುಂಡಿ. ಎಡಿಸನ್ನನ ಉರುಳೆ ಸೋತ ಮೇಲೆ ಕಳೆದುಹೋಗಿದ್ದ ಹಕ್ಕು ಆ ಕೆಂಪು ಗುಂಡಿಯಲ್ಲಿ ತಿರುಗಿ ಬಂದಿತ್ತು.

ಕಂಪನಿಗಳು ಇದಕ್ಕೂ ಒಂದು ಬೇಲಿ ಹಾಕಿದ್ದವು. ಕ್ಯಾಸೆಟ್ಟಿನ ಹಿಂಬದಿಯ ಎರಡು ಮೂಲೆಯಲ್ಲಿ ಸಣ್ಣ ಪ್ಲಾಸ್ಟಿಕ್ ತುಂಡು ಇರುತ್ತದೆ. ಅದನ್ನು ಮುರಿದರೆ ಕೆಂಪು ಗುಂಡಿ ಒತ್ತಿದರೂ ಕೂರುವುದಿಲ್ಲ. ಕಂಪನಿಯ ಹಾಡಿನ ಕ್ಯಾಸೆಟ್ಟುಗಳು ಹಾಗೆ ಮುರಿದೇ ಬರುತ್ತಿದ್ದವು. ನಮ್ಮ ಹುಡುಗರು ಏನು ಮಾಡಿದರು? ಆ ತೂತಿಗೆ ಕಾಗದ ಮಡಿಸಿ ತುರುಕಿದರು, ಇಲ್ಲವೇ ಟೇಪು ಅಂಟಿಸಿದರು. ಯಜಮಾನನ ಹಾಡಿನ ಮೇಲೇ ತಮ್ಮ ಹಾಡು ಹಿಡಿದರು. ಚರಿತ್ರೆಯಲ್ಲಿ ಇಷ್ಟು ಕಮ್ಮಿ ಖರ್ಚಿನ ಬಂಡಾಯ ಬೇರೆ ನಡೆದಿಲ್ಲ.

ಆಮೇಲೆ ಬಂದದ್ದು ಪ್ರವಾಹ. ಕನ್ನಡದಲ್ಲಿ ಅದಕ್ಕೆ ಧ್ವನಿಸುರುಳಿ ಅಂತ ಚಂದದ ಹೆಸರು ಕಟ್ಟಿದರು. 1978ರಲ್ಲಿ ಬಂದ ‘ನಿತ್ಯೋತ್ಸವ’ ಭಾವಗೀತೆಗಳನ್ನು ಮನೆಮನೆಗೆ ಒಯ್ದಿತು. ಗುರುರಾಜುಲು ನಾಯ್ಡು ಅವರ ಹರಿಕಥೆ, ಧೀರೇಂದ್ರ ಗೋಪಾಲರ ಹಾಸ್ಯ ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ಮಾರಾಟವಾದವು. ಉತ್ತರದಲ್ಲಿ ದೆಹಲಿಯ ದರಿಯಾಗಂಜಿನ ಹಣ್ಣಿನ ರಸದ ಅಂಗಡಿಯವರ ಮಗ ಗುಲ್ಶನ್ ಕುಮಾರ್ 1983ರಲ್ಲಿ ಕಟ್ಟಿದ ಸೂಪರ್ ಕ್ಯಾಸೆಟ್ಸ್ ಕಂಪನಿ ನಾಯಿ ಮಾರ್ಕಿನ ಪ್ರಭುತ್ವವನ್ನೇ ಅಲ್ಲಾಡಿಸಿತು. ಭೋಜಪುರಿ, ಗಢವಾಲಿ, ಹರಿಯಾಣ್ವಿ, ಹೀಗೆ ಪ್ಲೇಟಿನ ಕಾಲದಲ್ಲಿ ಕೇಳುವವರಿಲ್ಲದ ನುಡಿಗಳಿಗೆ ಮಾರುಕಟ್ಟೆ ಹುಟ್ಟಿತು. ಅಮೆರಿಕದ ಸಂಗೀತ ವಿದ್ವಾಂಸ ಪೀಟರ್ ಮ್ಯಾನುಯೆಲ್ 1993ರಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದ.

ಮಹಾರಾಷ್ಟ್ರದಲ್ಲಿ ಭೀಮಗೀತೆಗಳು ಕ್ಯಾಸೆಟ್ಟಿನ ರೆಕ್ಕೆ ಹತ್ತಿದವು. ವಾಮನದಾದಾ ಕರ್ಡಕ್ (1922-2004) ಊರೂರು ತಿರುಗಿ ಕಟ್ಟಿ ಹಾಡಿದ ಪದಗಳು ಎಷ್ಟೋ ಗಾಯಕರ ಕೊರಳಿಗೆ ಬಂದವು. ನಾಗಪುರದ ದೀಕ್ಷಾಭೂಮಿಯಲ್ಲಿ, ಡಿಸೆಂಬರ್ 6ರಂದು ಮುಂಬಯಿಯ ಚೈತ್ಯಭೂಮಿಯಲ್ಲಿ ಪುಸ್ತಕದ ಅಂಗಡಿಯ ಪಕ್ಕದಲ್ಲೇ ಕ್ಯಾಸೆಟ್ಟಿನ ಅಂಗಡಿ. ಓದು ಬಾರದ ತಾಯಿ ಪುಸ್ತಕ ಕೊಂಡು ಮಗನಿಗೆ ಅಂತ ಇಟ್ಟುಕೊಳ್ಳುತ್ತಾಳೆ, ಕ್ಯಾಸೆಟ್ಟು ಕೊಂಡು ತನಗೆ ಅಂತ ಇಟ್ಟುಕೊಳ್ಳುತ್ತಾಳೆ. ಬಾಬಾಸಾಹೇಬರ ಬದುಕು ಅಕ್ಷರ ಇಲ್ಲದವರ ಮನೆ ಹೊಕ್ಕದ್ದರಲ್ಲಿ ಈ ಟೇಪಿನ ಪಾಲು ಇದೆ. ನಮ್ಮಲ್ಲೂ ಮೆರವಣಿಗೆಯ, ಜಾಥಾದ, ಬೀದಿ ನಾಟಕದ ಹಾಡುಗಳು ಕೈಯಿಂದ ಕೈಗೆ ಹೋದದ್ದು ಹೀಗೇ. ಒಬ್ಬರು ಹಿಡಿದರು, ಇನ್ನೊಬ್ಬರು ಎರಡು ಪೆಟ್ಟಿಗೆ ಎದುರುಬದುರು ಇಟ್ಟು ನಕಲು ಮಾಡಿದರು. ಹಿಂದೆ ನಾಯಿ ಕೂಗಿದ್ದೂ ಅದರಲ್ಲಿ ಬಂತು, ಮಗು ಅತ್ತದ್ದೂ ಬಂತು. ತಮಟೆಯೂ ಬಂತು, ಸೂಜಿ ನೆಗೆಯುವ ಭಯವಿಲ್ಲದೆ.

ಅದೇ ಟೇಪಿನಲ್ಲಿ ವಿಷ

ಇಷ್ಟು ಹೇಳಿದ ಮೇಲೆ ಕ್ಯಾಸೆಟ್ಟು ನಮ್ಮ ಪಕ್ಷದ್ದು ಅಂತ ಯಾರಾದರೂ ತಿಳಿದರೆ ತಪ್ಪು. 1978ರಲ್ಲಿ ಇರಾನಿನ ಖೊಮೇನಿ ದೇಶದ ಹೊರಗೆ ಕೂತು ಮಾಡಿದ ಭಾಷಣಗಳು ಕ್ಯಾಸೆಟ್ಟಿನಲ್ಲಿ ಒಳಗೆ ನುಸುಳಿ ದೊರೆಯನ್ನು ಉರುಳಿಸಲು ನೆರವಾದವು. ಜನರ ದಂಗೆ ನಿಜ. ಆದರೆ ಗದ್ದುಗೆ ಹತ್ತಿದ್ದು ಪುರೋಹಿತಶಾಹಿ. ನಮ್ಮ ದೇಶದಲ್ಲಿ 1990ರ ಸುಮಾರಿಗೆ ಅಯೋಧ್ಯೆಯ ಹೆಸರಿನಲ್ಲಿ ಸಾಧ್ವಿ ಋತಂಬರಾ ಅವರ ಭಾಷಣದ ಕ್ಯಾಸೆಟ್ಟುಗಳು ಗುಡಿ ಗುಡಿಯ ಮೈಕಿನಲ್ಲಿ ಕೂಗಿದವು. ಅವು ಬಿತ್ತಿದ ದ್ವೇಷದ ಬೆಳೆಯನ್ನು ದೇಶ ಉಣ್ಣಬೇಕಾಯಿತು. ಅಗ್ಗದ ಯಂತ್ರ ಬಡವನಿಗೆ ಎಷ್ಟು ಅಗ್ಗವೋ ಉಳ್ಳವನಿಗೆ ಅದಕ್ಕಿಂತ ಅಗ್ಗ. ಒಂದು ಹಟ್ಟಿ ಹತ್ತು ಕ್ಯಾಸೆಟ್ಟು ನಕಲು ಮಾಡುವ ಹೊತ್ತಿಗೆ ಅವರು ಹತ್ತು ಸಾವಿರ ಹಂಚಿರುತ್ತಾರೆ.

ಇನ್ನೊಂದು ಕೊರತೆ ಟೇಪಿನ ಮೈಯಲ್ಲೇ ಇತ್ತು. ಹಿಡಿದದ್ದನ್ನು ಅಳಿಸಿ ಮತ್ತೆ ಹಿಡಿಯಬಹುದು. ಹೊಸ ಕ್ಯಾಸೆಟ್ಟು ಕೊಳ್ಳಲು ದುಡ್ಡಿಲ್ಲದವರು ಹಳೆಯದರ ಮೇಲೇ ಹೊಸದನ್ನು ಹಿಡಿದರು. ಅಜ್ಜಿಯ ಸೋಬಾನೆಯ ಮೇಲೆ ಸಿನಿಮಾ ಹಾಡು, ಸಿನಿಮಾ ಹಾಡಿನ ಮೇಲೆ ಸಭೆಯ ಭಾಷಣ, ಭಾಷಣದ ಮೇಲೆ ಮಗುವಿನ ತೊದಲು. ಉಳ್ಳವರ ಮನೆಯ ಕಪಾಟು ತುಂಬುತ್ತಾ ಹೋಯಿತು. ಬಡವರ ಮನೆಯಲ್ಲಿ ಒಂದೇ ಟೇಪು ಹತ್ತು ಬಾರಿ ಹುಟ್ಟಿ ಹತ್ತು ಬಾರಿ ಸತ್ತಿತು.

ಮತ್ತೆ ಕಂಪನಿಗಳು ಹೊರಗೆ ತಂದ ಎಷ್ಟೋ ಜಾನಪದ ಗೀತೆಗಳ ಹೊದಿಕೆ ನೋಡಿ. ಸಂಗೀತ ನಿರ್ದೇಶಕರ ಹೆಸರಿದೆ, ಸ್ಟುಡಿಯೋ ಹೆಸರಿದೆ, ನಿರ್ಮಾಪಕರ ಫೋನ್ ನಂಬರೂ ಇದೆ. ಸಾಹಿತ್ಯ ಅನ್ನುವ ಕಡೆ ‘ಜಾನಪದ’ ಅಂತ ಒಂದೇ ಪದ. ಯಾವ ಊರು? ಯಾವ ತಾಯಿ ಹಾಡಿಕೊಟ್ಟದ್ದು? 1902ರಲ್ಲಿ ಗೌಹರ್ ಜಾನ್ ಕೂಗಿ ಹೇಳಿದ್ದ ಹೆಸರಿನ ಜಾಗ ಇಲ್ಲಿ ಖಾಲಿ.

ಚಿತ್ರವೂ ಸುರುಳಿಯಾಯಿತು

ದನಿಗೆ ಆದದ್ದೇ ಚಿತ್ರಕ್ಕೂ ಆಯಿತು. 1975ರಲ್ಲಿ ಸೋನಿಯ ಬೀಟಾಮ್ಯಾಕ್ಸ್, 1976ರಲ್ಲಿ ಜೆವಿಸಿಯ ವಿಎಚ್‌ಎಸ್. ಎರಡಕ್ಕೂ ಜಗಳ ನಡೆದು ವಿಎಚ್‌ಎಸ್ ಗೆದ್ದಿತು. 1982ರ ದೆಹಲಿ ಏಷ್ಯಾಡಿನ ಹೊತ್ತಿಗೆ ಬಣ್ಣದ ಟೀವಿ ಬಂತು, ಅದರ ಬೆನ್ನಿಗೆ ವೀಡಿಯೋ ಪಾರ್ಲರು. ಹೋಬಳಿ ಊರುಗಳಲ್ಲೂ ತಟ್ಟಿ ಕಟ್ಟಿ ಚಾಪೆ ಹಾಸಿ ಸಿನಿಮಾ ತೋರಿಸಿದರು. ಆಮೇಲೆ ಮದುವೆಗೆ ವೀಡಿಯೋ ತೆಗೆಯುವವನು ಬಂದ. ನಮ್ಮ ಕೇರಿಗಳಲ್ಲಿ ಎಷ್ಟೋ ಅಜ್ಜ ಅಜ್ಜಿಯರು ನಡೆದಾಡುವುದು, ನಗುವುದು ಉಳಿದಿರುವುದು ಇಂಥ ಒಂದು ಮದುವೆ ಕ್ಯಾಸೆಟ್ಟಿನಲ್ಲಿ ಮಾತ್ರ. ವಿಎಚ್‌ಎಸ್ ಪೆಟ್ಟಿಗೆ ಮಾಡುತ್ತಿದ್ದ ಕೊನೆಯ ಜಪಾನೀ ಕಂಪನಿಯೂ 2016ರಲ್ಲಿ ಅದನ್ನು ನಿಲ್ಲಿಸಿತು.

ವೀಡಿಯೋ ಏನು ಮಾಡಬಲ್ಲದು ಅನ್ನುವುದಕ್ಕೆ ಆನಂದ್ ಪಟವರ್ಧನ್ ಅವರ ‘ಜೈ ಭೀಮ್ ಕಾಮ್ರೇಡ್’ ಸಾಕ್ಷಿ. 1997ರ ಜುಲೈ 11ರಂದು ಮುಂಬಯಿಯ ರಮಾಬಾಯಿ ಅಂಬೇಡ್ಕರ್ ನಗರದಲ್ಲಿ ಬಾಬಾಸಾಹೇಬರ ಪ್ರತಿಮೆಗೆ ಅವಮಾನ ಮಾಡಿದ್ದಕ್ಕೆ ಸಿಟ್ಟಾಗಿ ಬೀದಿಗೆ ಬಂದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ ಹತ್ತು ಮಂದಿಯನ್ನು ಕೊಂದರು. ಅದನ್ನು ತಾಳಲಾರದೆ ಹಾಡುಗಾರ ವಿಲಾಸ್ ಘೋಗ್ರೆ ಜುಲೈ 15ರಂದು ನೇಣು ಹಾಕಿಕೊಂಡರು. ಪಟವರ್ಧನ್ ಅಲ್ಲಿಂದ ಮುಂದೆ ಹದಿನಾಲ್ಕು ವರ್ಷ ಹಾಡುಗಾರರ ಹಿಂದೆ ತಿರುಗಿ ಚಿತ್ರ ಮಾಡಿದರು. ಕೋಟಿಗಟ್ಟಲೆ ಬಂಡವಾಳವಿಲ್ಲದೆ ಇಷ್ಟು ದೀರ್ಘ ಕಾಲ ಜನರ ಜೊತೆ ನಡೆಯಲು ಕೈಯಲ್ಲಿ ಹಿಡಿಯುವ ವೀಡಿಯೋ ಕ್ಯಾಮೆರಾ ಬೇಕಾಯಿತು.

ಸೊನ್ನೆ ಮತ್ತು ಒಂದು

1982ರಲ್ಲಿ ಫಿಲಿಪ್ಸ್ ಮತ್ತು ಸೋನಿ ಸೇರಿ ಸೀಡಿ ತಂದವು. ಗೀರೂ ಇಲ್ಲ, ಕಾಂತವೂ ಇಲ್ಲ. ದನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು ಸೊನ್ನೆ, ಒಂದುಗಳ ಲೆಕ್ಕವಾಗಿ ಬರೆದು, ಬೆಳಕಿನಿಂದ ಓದುವುದು. ಸವೆಯದ ತಟ್ಟೆ ಅಂತ ಕೊಂಡಾಡಿದರು. ಆದರೆ ಮೊದಲ ಹತ್ತಾರು ವರ್ಷ ಮನೆಯ ಸೀಡಿ ಪೆಟ್ಟಿಗೆಯಲ್ಲಿ ಕೆಂಪು ಗುಂಡಿ ಇರಲಿಲ್ಲ. ಮತ್ತೆ ಕೇಳುವುದಷ್ಟೇ ನಮ್ಮ ಪಾಲು.

ಸೀಡಿಯ ಲೆಕ್ಕವನ್ನು ಸಣ್ಣದು ಮಾಡಲು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ವಿಜ್ಞಾನಿಗಳು ದುಡಿದರು. 1995ರಲ್ಲಿ ಅದಕ್ಕೆ ಎಂಪಿ3 ಎಂಬ ಹೆಸರು ಬಂತು. ಒಂದು ಗಟ್ಟಿ ದನಿಯ ಪಕ್ಕದಲ್ಲಿ ಸಣ್ಣ ದನಿ ಇದ್ದರೆ ಕಿವಿ ಅದನ್ನು ಗಮನಿಸುವುದಿಲ್ಲ. ಹಾಗೆ ಗಮನಕ್ಕೆ ಬಾರದ್ದನ್ನು ಎಸೆದುಬಿಟ್ಟರೆ ಹತ್ತರಲ್ಲಿ ಒಂದು ಪಾಲು ಜಾಗ ಸಾಕು. ಸಣ್ಣ ದನಿ ಲೆಕ್ಕಕ್ಕಿಲ್ಲ ಅನ್ನುವ ನೀತಿ ನಮಗೇನೂ ಹೊಸದಲ್ಲ. ಈ ಲೆಕ್ಕಕ್ಕೆ ಕಷ್ಟವಾದದ್ದು ಯಾವುದು ಗೊತ್ತೇ? ಥಟ್ ಅಂತ ಬೀಳುವ ಪೆಟ್ಟು. ಪರೀಕ್ಷೆಗೆ ಅವರು ಸ್ಪೇನಿನ ಚಿಟಿಕೆಯಂಥ ಮರದ ವಾದ್ಯ ಬಳಸಿದರು. ಹಿಂಡಿದ್ದು ಹೆಚ್ಚಾದರೆ ಪೆಟ್ಟು ಬೀಳುವ ಮೊದಲೇ ಅದರ ನೆರಳು ಕೇಳಿಸುತ್ತದೆ, ಅಂಚು ಮೊಂಡಾಗುತ್ತದೆ. ಕಾಯಿಸಿ ಬಿಗಿ ಮಾಡಿದ ತಮಟೆಯ ಮೇಲೆ ಸಣ್ಣ ಕಡ್ಡಿ ಬೀಳುವುದು ಅಂಥದೇ ದನಿ. ಕಹಳೆಗೂ ತೊಡಕಾಗಿದ್ದ ಪೆಟ್ಟು ಕಂಪ್ಯೂಟರಿಗೂ ತೊಡಕಾಯಿತು!

ಆದರೂ ಎಂಪಿ3 ಹಟ್ಟಿಗೆ ಬಂತು, ಬೇಗ ಬಂತು. ಉಗುರಿನಷ್ಟು ದೊಡ್ಡ ಮೆಮೊರಿ ಕಾರ್ಡಿನಲ್ಲಿ ಸಾವಿರ ಹಾಡು. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿ ಕೊಟ್ಟರೆ ಕಾರ್ಡು ತುಂಬಿಸಿಕೊಡುತ್ತಿದ್ದರು. 2016ರ ನಂತರ ಡೇಟಾ ಅಗ್ಗವಾಗಿ ಕಾರ್ಡೂ ಬೇಡವಾಯಿತು. ಪಂಜಾಬಿನ ಜಲಂಧರಿನ ಹುಡುಗಿ ಗಿನ್ನಿ ಮಾಹಿ 2016ರಲ್ಲಿ ತನ್ನ ಜಾತಿಯ ಹೆಸರನ್ನು ಬೈಗುಳದಿಂದ ಬಿಡಿಸಿ ಹೆಮ್ಮೆಯಿಂದ ಹಾಡಿದ ಹಾಡು ದೇಶ ಸುತ್ತಿತು. ಅದೇ ವರ್ಷ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿಯುತ್ತಿದ್ದ ದಲಿತ ಹುಡುಗರನ್ನು ಕಟ್ಟಿ ಹೊಡೆದವರು ತಮ್ಮ ಪೌರುಷ ಮೆರೆಸಲು ತಾವೇ ವೀಡಿಯೋ ಹಿಡಿದು ಹಂಚಿದರು. ಅದೇ ವೀಡಿಯೋ ಅವರಿಗೆ ತಿರುಗಿಬಿತ್ತು. ಸಾವಿರಾರು ಜನ ಬೀದಿಗೆ ಬಂದರು. ಯಂತ್ರ ಹಿಡಿದವನ ಮಾತನ್ನೇ ಯಂತ್ರ ಕೇಳಬೇಕೆಂದಿಲ್ಲ.

ಈಗ ಎಲ್ಲರ ಕೈಯಲ್ಲೂ ಕೆಂಪು ಗುಂಡಿ ಇದೆ. ಹಾಗಾದರೆ ಜಗಳ ಮುಗಿಯಿತೇ? ಇಲ್ಲ. ಜಾಗ ಬದಲಾಗಿದೆ ಅಷ್ಟೇ. ಹಿಡಿಯುವ ಹಕ್ಕು ಬಂತು, ಇಟ್ಟುಕೊಳ್ಳುವ ಹಕ್ಕು ಹೋಯಿತು. ಕ್ಯಾಸೆಟ್ಟು ನಮ್ಮ ಗೂಡಿನಲ್ಲಿ ಇರುತ್ತಿತ್ತು. ಇವತ್ತಿನ ಹಾಡು ಎಲ್ಲೋ ದೂರದ ಕಂಪನಿಯ ಯಂತ್ರದಲ್ಲಿದೆ, ನಾವು ಬಾಡಿಗೆಗೆ ಇಣುಕುತ್ತೇವೆ. ಮೈಸ್ಪೇಸ್ ಎಂಬ ಜಾಲತಾಣ 2015ಕ್ಕೆ ಹಿಂದಿನ ಹನ್ನೆರಡು ವರ್ಷದ ಹಾಡುಗಳೆಲ್ಲ ನಾಶವಾದವು ಅಂತ 2019ರಲ್ಲಿ ಒಪ್ಪಿಕೊಂಡಿತು. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಕಾರಣ ಏನೇ ಇರಲಿ, ಹೊಲದಲ್ಲಿ, ದನದ ಕೊಟ್ಟಿಗೆಯಲ್ಲಿ ಹಾಡಿ ಕುಣಿದು ಲಕ್ಷ ಜನರ ಮುಂದೆ ನಿಂತಿದ್ದ ಬಡವರ ಮಕ್ಕಳ ಅಂಗಳ ಒಂದು ರಾತ್ರಿಗೆ ಮುಚ್ಚಿತು. ಹೆಸರಿನ ಜಗಳವೂ ಮುಗಿದಿಲ್ಲ. ತನ್ನ ಅಜ್ಜಿಯ ಬದುಕಿನಿಂದ ತಮಿಳು ಕವಿ ಅರಿವು ಬರೆದು ಹಾಡಿದ ‘ಎಂಜಾಯ್ ಎಂಜಾಮಿ’ 2021ರಲ್ಲಿ ಲೋಕಪ್ರಸಿದ್ಧವಾಯಿತು. ಅದೇ ವರ್ಷ ಒಂದು ಸಂಗೀತ ಪತ್ರಿಕೆಯ ಮುಖಪುಟದಲ್ಲಿ ಅರಿವು ಮಾತ್ರ ಕಾಣಲಿಲ್ಲ. ಗಲಾಟೆಯಾದ ಮೇಲೆ ಅವರಿಗೂ ಒಂದು ಮುಖಪುಟ ಮಾಡಿದರು.

ಕೆಲಸ ಬಾಕಿ ಇದೆ

ಗೆಳೆಯರೇ, ಇದೆಲ್ಲ ಬರೆದದ್ದು ಹಳೆಯ ಯಂತ್ರಗಳ ಮೇಲಿನ ಮೋಹಕ್ಕಲ್ಲ. ಟೇಪು ಸಾಯುತ್ತಿದೆ. ಪಟ್ಟಿಗೆ ಪುಡಿಯನ್ನು ಹಿಡಿದಿಟ್ಟ ಅಂಟು ತೇವ ಹೀರಿ ಜಿಗುಟಾಗುತ್ತದೆ, ಬೂಸ್ಟು ಹಿಡಿಯುತ್ತದೆ, ಪುಡಿ ಉದುರಿದರೆ ದನಿಯೂ ಉದುರಿತು. 2019ರಲ್ಲಿ ಯುನೆಸ್ಕೊ ಲೋಕಕ್ಕೆಲ್ಲ ಎಚ್ಚರಿಕೆ ಕೊಟ್ಟಿತ್ತು: 2025ರ ಸುಮಾರಿಗೆ ಟೇಪು ನುಡಿಸುವ ಯಂತ್ರ, ಬಿಡಿಭಾಗ, ರಿಪೇರಿ ಬಲ್ಲವರು ಸಿಗುವುದೇ ಕಷ್ಟವಾಗುತ್ತದೆ ಅಂತ. ಆ ಗಡುವು ಬಂದೇಬಿಟ್ಟಿತು. ಆಕಾಶವಾಣಿಯ ಭಂಡಾರವನ್ನು ಸರ್ಕಾರ ನೋಡಿಕೊಂಡೀತು, ಕಂಪನಿಯ ಭಂಡಾರವನ್ನು ಕಂಪನಿ ನೋಡಿಕೊಂಡೀತು. ಹಟ್ಟಿಯ ಅಟ್ಟದ ಮೇಲಿನ ಶೂ ಡಬ್ಬಿಯನ್ನು ಯಾರು ನೋಡಬೇಕು? 1970, 80ರ ದಶಕದ ನಮ್ಮ ಸಭೆಗಳ ಮಾತು, ಹಾಡು, ತಮಟೆ ಇರುವುದು ಅಲ್ಲೇ. ಅವು ಹೋದರೆ ನಾಳೆ ಇದೆಲ್ಲ ನಡೆದೇ ಇಲ್ಲ ಅಂತ ಹೇಳುವವರು ತಯಾರಾಗಿದ್ದಾರೆ.

ಮೇಷ್ಟ್ರುಗಳು, ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಊರಿನ ಕ್ಯಾಸೆಟ್ಟುಗಳನ್ನು ಕೇಳಿ ಪಡೆಯಿರಿ. ಮೊದಲು ಹಿಂಬದಿಯ ಆ ಎರಡು ತುಂಡು ಮುರಿಯಿರಿ, ಕೈತಪ್ಪಿ ಅಳಿಸಿಹೋಗದಿರಲಿ. ಕಾಗದ ತುರುಕಿದ್ದರೆ ತೆಗೆಯಿರಿ. ಪೆನ್ಸಿಲ್ ಹಾಕಿ ನಿಧಾನವಾಗಿ ಒಂದು ಬಾರಿ ಸುತ್ತಿ ಬಿಡಿಸಿ. ಪೆಟ್ಟಿಗೆಯ ಹೆಡ್ಡನ್ನು ಹತ್ತಿಗೆ ಸ್ಪಿರಿಟ್ಟು ಅದ್ದಿ ಒರೆಸಿ. ಒಂದು ತಂತಿಯಲ್ಲಿ ಕಂಪ್ಯೂಟರಿಗೆ ಸೇರಿಸಿ ಪೂರ್ತಿ ನುಡಿಸಿ. ಹಿಂಡದೆ, ಎಸೆಯದೆ ಇಡುವ ವೇವ್ ಫೈಲಾಗಿ ಇಡಿ. ಎಂಪಿ3 ಹಂಚುವುದಕ್ಕಷ್ಟೇ ಸಾಕು. ಎರಡು ನಕಲು ಮಾಡಿ, ಎರಡು ಬೇರೆ ಊರಲ್ಲಿಡಿ. ಟೇಪನ್ನು ಅದರ ಒಡೆಯರಿಗೆ ವಾಪಸು ಕೊಡಿ. ಹೊರಗೆ ಹಾಕುವ ಮುಂಚೆ ಹಾಡಿದವರನ್ನು, ಅವರಿಲ್ಲದಿದ್ದರೆ ಮನೆಯವರನ್ನು ಕೇಳಿ. ಕೇಳದೆ ಒಯ್ಯುವವರನ್ನು ಸಾಕಷ್ಟು ಕಂಡಿದ್ದೇವೆ, ಆ ಸಾಲಿಗೆ ನಾವು ಸೇರುವುದು ಬೇಡ.

ಮತ್ತೆ ಹೊಸದಾಗಿ ಹಾಡು ಹಿಡಿಯುವಾಗ ಕೊನೆಯಲ್ಲಿ ಒಂದು ಕೆಲಸ ಮಾಡಿಸಿ. ಹಾಡಿದವರಿಂದಲೇ ಅವರ ಹೆಸರು, ಊರು, ಯಾರಿಂದ ಕಲಿತದ್ದು, ಯಾವ ವರ್ಷ ಅಂತ ಹೇಳಿಸಿ. ಗುಂಡಿ ಆರಿಸುವ ಮುಂಚೆಯೇ ಹೇಳಿಸಿ, ಹಾಡಿನ ಮೈಗೆ ಅಂಟಿಕೊಂಡಂತೆ. ಹೊದಿಕೆ ಹರಿದುಹೋಗುತ್ತದೆ, ಚೀಟಿ ಉದುರುತ್ತದೆ, ಕಂಪನಿ ಮುಚ್ಚುತ್ತದೆ. ದನಿಯೊಳಗೇ ಇರುವ ಹೆಸರನ್ನು ಬೇರೆ ಮಾಡುವುದು ಸುಲಭವಲ್ಲ. ಅರಗಿನ ಮನೆಯಲ್ಲಿ ಸತ್ತವಳ ಹೆಸರನ್ನು ಯಾರೂ ಕೇಳಲಿಲ್ಲ. ನಮ್ಮ ಕಾಲದಲ್ಲಿ ಹಾಡಿದವಳ ಹೆಸರನ್ನಾದರೂ ಕೇಳೋಣ.